ಕಲ್ಲುಹಾದಿಯ ಸರದಾರ ಕಾಲಿನ್ ಮೆಕ್‌ರೇ

ಗ್ರೀಸ್ ದೇಶದ ಅಕ್ರೊಪೊಲಿಸ್ ರ‍್ಯಾಲಿ ಕಾರುಗಳ ಪಾಲಿಗೆ ಅಗ್ನಿಪರೀಕ್ಷೆ. ಬೆಟ್ಟಗಳನ್ನು ಬಳಸಿ ಏರುವ ಅಲ್ಲಿನ ಕಚ್ಚಾ ರಸ್ತೆಗಳಲ್ಲಿ ಜಲ್ಲಿಯ ನಡುವೆ ಮುಷ್ಟಿಗಾತ್ರದ ಕಲ್ಲುಗಳು ಹುದುಗಿರುತ್ತವೆ. ಸುಡುಬಿಸಿಲು, ಕಣ್ಣು ಕಟ್ಟುವ ದೂಳು. ಟೈರು ಹರಿಯುವುದು, ಸಸ್ಪೆನ್ಷನ್ ಮುರಿಯುವುದು ಅಲ್ಲಿ ಸುದ್ದಿಯೇ ಅಲ್ಲ. ಇಂಥ ಹಾದಿಯಲ್ಲಿ ಗೆಲ್ಲಬೇಕಾದರೆ ಕಾರನ್ನು ಜೋಪಾನ ಮಾಡಬೇಕೆಂಬುದು ಬಲ್ಲವರ ಮಾತು. ಆದರೆ ಆ ರ‍್ಯಾಲಿಯನ್ನು ಐದು ಬಾರಿ ಗೆದ್ದವರು, ಕಾರು ಜಖಂಗೊಳಿಸುವುದರಲ್ಲೇ ಹೆಸರಾಗಿದ್ದ ಸ್ಕಾಟ್ಲೆಂಡಿನ ಕಾಲಿನ್ ಮೆಕ್‌ರೇ!

1968ರ ಆಗಸ್ಟ್ 5ರಂದು ಲ್ಯಾನಾರ್ಕ್‌ನಲ್ಲಿ ಜನಿಸಿದ ಮೆಕ್‌ರೇ ಅವರಿಗೆ ರ‍್ಯಾಲಿ ಮನೆತನದ ವಿದ್ಯೆ. ತಂದೆ ಜಿಮ್ಮಿ ಐದು ಸಲ ಬ್ರಿಟಿಷ್ ಚಾಂಪಿಯನ್. ತಮ್ಮ ಆಲಿಸ್ಟರ್ ಕೂಡ ಇದೇ ಹಾದಿ ಹಿಡಿದವರು. 1992ರ ಫಿನ್ಲೆಂಡ್ ರ‍್ಯಾಲಿಯಲ್ಲಿ ಮೆಕ್‌ರೇ ಓಡಿಸಿದ ಸುಬಾರು ಕಾರು ಮತ್ತೆ ಮತ್ತೆ ಅಪಘಾತಕ್ಕೀಡಾಗಿ ನುಗ್ಗುನುರಿಯಾದರೂ ಎಂಟನೆಯ ಸ್ಥಾನ ಪಡೆಯಿತು. ಹಾಸ್ಯದ ಅಡ್ಡಹೆಸರುಗಳು ಅಂಟಿಕೊಂಡದ್ದರಲ್ಲಿ ಅಚ್ಚರಿಯಿಲ್ಲ. ಮರುವರ್ಷವೇ ನ್ಯೂಜಿಲೆಂಡ್‌ನಲ್ಲಿ ಮೊದಲ ಜಯ ಒಲಿಯಿತು. 1995ರಲ್ಲಿ ತಮ್ಮದೇ ತಂಡದ ಕಾರ್ಲೊಸ್ ಸೈನ್ಸ್ ಅವರನ್ನು ಕೊನೆಯ ಸುತ್ತಿನಲ್ಲಿ ಹಿಂದಿಕ್ಕಿ, 27ನೆಯ ವಯಸ್ಸಿನಲ್ಲಿ ವಿಶ್ವ ಚಾಂಪಿಯನ್ ಆದರು. ಅತಿ ಕಿರಿಯ ಚಾಂಪಿಯನ್ ಎಂಬ ಆ ದಾಖಲೆ 2022ರವರೆಗೂ ಅಳಿಯಲಿಲ್ಲ.

ಅಕ್ರೊಪೊಲಿಸ್‌ನಲ್ಲಿ ಅವರು 1996 ಹಾಗೂ 1998ರಲ್ಲಿ ಸುಬಾರು ಕಾರಿನಲ್ಲಿ, ಬಳಿಕ 2000ದಿಂದ 2002ರವರೆಗೆ ಸತತ ಮೂರು ವರ್ಷ ಫೋರ್ಡ್ ಫೋಕಸ್‌ನಲ್ಲಿ ಗೆದ್ದರು. ಕೀನ್ಯಾದ ಸಫಾರಿ ರ‍್ಯಾಲಿಯೂ ಮೂರು ಸಲ ಅವರ ಪಾಲಾಯಿತು. ಕೇವಲ ಹುಂಬತನದಿಂದ ದಕ್ಕುವ ಜಯಗಳಲ್ಲ ಇವು. ಎಲ್ಲಿ ಕಲ್ಲನ್ನು ತಪ್ಪಿಸಬೇಕು, ಎಲ್ಲಿ ಕಾರನ್ನು ಅಡ್ಡಲಾಗಿ ಜಾರಿಸಬೇಕು ಎಂಬ ಅಂದಾಜು, ತಿರುವುಗಳ ಟಿಪ್ಪಣಿ ಓದುವ ಸಹಚಾಲಕ ನಿಕಿ ಗ್ರಿಸ್ಟ್ ಅವರ ಮೇಲಿನ ನಂಬಿಕೆ, ಇವೆರಡೂ ಇಲ್ಲದೆ ಆ ವೇಗ ಸಾಧ್ಯವಿರಲಿಲ್ಲ.

2001 ಅವರ ಬದುಕಿನ ಅತ್ಯಂತ ವಿಚಿತ್ರ ವರ್ಷ. ಮೊದಲ ನಾಲ್ಕು ರ‍್ಯಾಲಿಗಳಲ್ಲಿ ಒಂದು ಅಂಕವೂ ಸಿಗಲಿಲ್ಲ. ಮುಂದಿನ ಮೂರನ್ನು, ಅಂದರೆ ಅರ್ಜೆಂಟೀನಾ, ಸೈಪ್ರಸ್ ಮತ್ತು ಅಕ್ರೊಪೊಲಿಸ್‌ಗಳನ್ನು ಸಾಲಾಗಿ ಗೆದ್ದರು. ಮೂರೂ ಒರಟು ಹಾದಿಗಳೇ. ಕೊನೆಯ ರ‍್ಯಾಲಿಗೆ ಬರುವಾಗ 42 ಅಂಕಗಳೊಂದಿಗೆ ಅಗ್ರಸ್ಥಾನ. ಇಂಗ್ಲೆಂಡಿನ ರಿಚರ್ಡ್ ಬರ್ನ್ಸ್ ಎರಡೇ ಅಂಕ ಹಿಂದಿದ್ದರು. ವೇಲ್ಸ್‌ನ ಕಾಡುಹಾದಿಯಲ್ಲಿ ಮೆಕ್‌ರೇ ಸ್ವಲ್ಪ ತಾಳ್ಮೆ ವಹಿಸಿದ್ದರೂ ಸಾಕಿತ್ತೇನೋ. ನಾಲ್ಕನೆಯ ಹಂತದಲ್ಲೇ ಕಾರು ಪಲ್ಟಿಯಾಯಿತು. ಮೂರನೆಯ ಸ್ಥಾನ ಪಡೆದ ಬರ್ನ್ಸ್ 44 ಅಂಕಗಳೊಂದಿಗೆ ಚಾಂಪಿಯನ್ ಆದರು. ಎರಡನೆಯ ವಿಶ್ವಪಟ್ಟ ಮೆಕ್‌ರೇ ಅವರಿಗೆ ಕೊನೆಗೂ ದಕ್ಕಲಿಲ್ಲ.

2002ರ ಸಫಾರಿ ಅವರ 25ನೆಯ ಜಯ. ಆಗ ಅದು ವಿಶ್ವದಾಖಲೆ. ಅದೇ ಅವರ ಕೊನೆಯ ಗೆಲುವೂ ಆಯಿತು. ರ‍್ಯಾಲಿಯನ್ನು ಎಂದೂ ಕಾಣದ ಹುಡುಗರಿಗೂ 1998ರಲ್ಲಿ ಅವರ ಹೆಸರಿನಲ್ಲೇ ಬಂದ ಕಂಪ್ಯೂಟರ್ ಆಟದಿಂದಾಗಿ ಮೆಕ್‌ರೇ ಪರಿಚಿತರಾಗಿದ್ದರು.

2007ರ ಸೆಪ್ಟೆಂಬರ್ 15ರಂದು ಲ್ಯಾನಾರ್ಕ್ ಬಳಿ ಅವರೇ ಚಲಾಯಿಸುತ್ತಿದ್ದ ಹೆಲಿಕಾಪ್ಟರ್ ಉರುಳಿ, ಐದು ವರ್ಷದ ಮಗ ಹಾಗೂ ಇನ್ನಿಬ್ಬರೊಂದಿಗೆ ಅವರು ಅಸುನೀಗಿದರು. ವಯಸ್ಸು 39. ಅವರ ಹಾರಾಟದ ಪರವಾನಗಿಯ ಅವಧಿ ಮುಗಿದಿತ್ತು, ಅಷ್ಟು ಕೆಳಮಟ್ಟದಲ್ಲಿ ಹಾರುವ ಅಗತ್ಯವೂ ಇರಲಿಲ್ಲ ಎಂದು 2011ರಲ್ಲಿ ನ್ಯಾಯಾಲಯದ ವಿಚಾರಣೆ ತೀರ್ಮಾನಿಸಿತು.