ನಾಲಿಗೆಯ ಕಟ್ಟು ಬಿಡಿಸಿದ ಅಲ್-ಝಹ್ರಾವಿ

ಸ್ಪೇನ್ ದೇಶದ ಕಾರ್ಡೋಬಾ ನಗರದ ಬಳಿ ಮದೀನತುಲ್ ಝಹ್ರಾ ಎಂಬ ಅರಮನೆ ಪಟ್ಟಣವಿತ್ತು. ಪ್ರಸಿದ್ಧ ಶಸ್ತ್ರವೈದ್ಯ ಅಬುಲ್ ಖಾಸಿಮ್ ಅಲ್-ಝಹ್ರಾವಿಯವರು ಕ್ರಿ.ಶ. 936ರ ಸುಮಾರಿಗೆ ಅಲ್ಲಿ ಜನಿಸಿದರು. ಊರ ಹೆಸರೇ ಅವರ ಹೆಸರಾಯಿತು. 1010ರ ಸುಮಾರಿನ ಅಂತಃಕಲಹದಲ್ಲಿ ಆ ಪಟ್ಟಣ ಲೂಟಿಯಾಗಿ ಹಾಳಾಯಿತು. ಅವರ ಬದುಕಿನ ವಿವರಗಳು ಹೆಚ್ಚು ಉಳಿಯಲಿಲ್ಲ, ಗ್ರಂಥ ಮಾತ್ರ ಉಳಿಯಿತು.

ಸುಮಾರು 50 ವರ್ಷಗಳ ಅನುಭವವನ್ನು ಅವರು ‘ಅತ್-ತಸ್ರೀಫ್’ ಎಂಬ 30 ಭಾಗಗಳ ಗ್ರಂಥದಲ್ಲಿ ಬರೆದಿಟ್ಟರು. ಕೊನೆಯ ಭಾಗ ಶಸ್ತ್ರಚಿಕಿತ್ಸೆಯದು. ಅದರಲ್ಲಿ ಸುಮಾರು 200 ಉಪಕರಣಗಳ ಚಿತ್ರಗಳಿವೆ. ಶಿಷ್ಯರನ್ನು ಅವರು ಸ್ವಂತ ಮಕ್ಕಳಂತೆ ಕರೆದು ಪಾಠ ಹೇಳುತ್ತಾರೆ. ಶಿಕ್ಷಕನಾದ ನನಗೆ ಇದು ಬಹಳ ಹಿಡಿಸಿತು.

ವಿದ್ಯಾರ್ಥಿ ಮಿತ್ರರೇ, ನಾಲಿಗೆಯ ಬಗ್ಗೆ ಅವರು ಬರೆದದ್ದನ್ನು ನೋಡಿರಿ. ಕೆಲವರಿಗೆ ಹುಟ್ಟಿನಿಂದಲೇ ನಾಲಿಗೆಯ ಕೆಳಗಿನ ಪೊರೆ ಬಿಗಿಯಾಗಿದ್ದು ಮಾತು ತೊಡಕುತ್ತದೆ. ನಾಲಿಗೆ ಎತ್ತಿ ಆ ಪೊರೆಯನ್ನು ಅಡ್ಡಲಾಗಿ ಕತ್ತರಿಸಬೇಕು. ಆದರೆ ಕತ್ತಿ ಆಳಕ್ಕೆ ಹೋದರೆ ರಕ್ತನಾಳ ತುಂಡಾದೀತೆಂದು ಎಚ್ಚರಿಸುತ್ತಾರೆ. ಗಾಯ ಮತ್ತೆ ಅಂಟಿಕೊಳ್ಳದಂತೆ ರಾತ್ರಿ ನಾಲಿಗೆಯಡಿ ಬಟ್ಟೆಯ ಬತ್ತಿ ಇಡಲು ಹೇಳುತ್ತಾರೆ. ನಾಲಿಗೆಯಡಿ ಪುಟ್ಟ ಕಪ್ಪೆಯಂತೆ ಏಳುವ ಗಡ್ಡೆ ಬೆಳ್ಳಗಿದ್ದು ನೀರು ತುಂಬಿದ್ದರೆ ಕೊಕ್ಕೆಯಿಂದ ಹಿಡಿದು ಬಿಡಿಸಬೇಕು. ಕಪ್ಪಾಗಿ, ಗಟ್ಟಿಯಾಗಿ, ಸ್ಪರ್ಶಜ್ಞಾನವಿಲ್ಲದಿದ್ದರೆ ಮುಟ್ಟಲೇಬಾರದು, ಅದು ಕ್ಯಾನ್ಸರ್. ಎಲ್ಲಿ ಕೊಯ್ಯಬಾರದೆಂದು ಹೇಳಿದ್ದೇ ಅವರ ದೊಡ್ಡತನವೆಂದು ನನ್ನ ಭಾವನೆ.

ಈ ಎಚ್ಚರ ಇಂದಿಗೂ ಬೇಕು. ಕೆಲವು ಮಕ್ಕಳಿಗೆ ನಾಲಿಗೆಯೇ ದಪ್ಪವಾಗಿ ಬಾಯಿಂದ ಹೊರಚಾಚಿರುತ್ತದೆ. ಹಾಲು ಕುಡಿಯಲು, ಉಸಿರಾಡಲು, ಮಾತಾಡಲು ಕಷ್ಟ. ನಾವು ಅಂಥ ಮಗುವನ್ನು ದಡ್ಡನೆಂದು ಹಿಂದಿನ ಸಾಲಿಗೆ ಕೂರಿಸಿಬಿಡುತ್ತೇವೆ. ಥೈರಾಯ್ಡ್ ಕೊರತೆಯೇ ಕಾರಣವಾದರೆ ಕತ್ತಿ ಬೇಡ, ಬೇಗ ಪತ್ತೆಮಾಡಿ ಮಾತ್ರೆ ಕೊಡಬೇಕು. ಬೆಕ್‌ವಿತ್-ವೀಡೆಮನ್ ಎಂಬ ಜನ್ಮಜಾತ ತೊಂದರೆಯಲ್ಲಿ ನಾಲಿಗೆ ಉಸಿರಿಗೋ ಆಹಾರಕ್ಕೋ ಅಡ್ಡಿಯಾದರೆ, ಅರಿವಳಿಕೆ ಕೊಟ್ಟು ಅದರ ಮುಂಭಾಗದ ನಡುವಿನಿಂದ ಬೆಣೆಯಾಕಾರದ ತುಂಡು ತೆಗೆದು ಹೊಲಿಯುತ್ತಾರೆ. ಎರಡೂ ಪಕ್ಕದ ನರಗಳು, ರಕ್ತನಾಳಗಳು ಉಳಿಯಬೇಕು. ಅಲ್-ಝಹ್ರಾವಿಯವರು ಅಂಜಿದ್ದೂ ನಾಲಿಗೆಯಡಿಯ ರಕ್ತನಾಳಕ್ಕೇ.

ಅವರು 1013ರ ಸುಮಾರಿಗೆ ತೀರಿಕೊಂಡರು. 12ನೆಯ ಶತಮಾನದಲ್ಲಿ ಕ್ರೆಮೋನಾದ ಜೆರಾರ್ಡ್ ಅವರ ಶಸ್ತ್ರಚಿಕಿತ್ಸೆಯ ಭಾಗವನ್ನು ಲ್ಯಾಟಿನ್ ಭಾಷೆಗೆ ಅನುವಾದಿಸಿದರು. ಯುರೋಪಿನ ವೈದ್ಯರು ಶತಮಾನಗಳ ಕಾಲ ಅದನ್ನು ಓದಿದರು. ಕಾರ್ಡೋಬಾದ ಹಳೆಯ ಓಣಿಯೊಂದಕ್ಕೆ ಇಂದಿಗೂ ಅವರ ಹೆಸರಿದೆ.