ಮಾರಾಟವಾಗಿ ಬಂದ ಮಲಿಕ್ ಅಂಬರ್

ಸೋಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಹಿರಿಯರಿಗೆ ಮಲಿಕ್ ಅಂಬರನ ಹೆಸರು ಹೊಸದಲ್ಲ. ಮೊಗಲರನ್ನು ಇಪ್ಪತ್ತೈದು ವರ್ಷ ಕಾಡಿದವನು, ಹೊಲಗಳಿಗೆ ಕಂದಾಯ ಗೊತ್ತುಮಾಡಿದವನು ಅಂತ ಅವರಿಗೆ ಗೊತ್ತು. ಆದರೆ ಅವನು ಬಂದರಿನಲ್ಲಿ ದನದ ಹಾಗೆ ಮಾರಾಟವಾಗಿ ಈ ನಾಡಿಗೆ ಬಂದ ಅನ್ನೋದನ್ನು ಬರೆಯುವವರು ಒಂದೇ ಸಾಲಿನಲ್ಲಿ ದಾಟಿಬಿಡುತ್ತಾರೆ. ಆ ಒಂದು ಸಾಲೇ ದೊಡ್ಡದು.

ಅವನು ಹುಟ್ಟಿದ್ದು ಸುಮಾರು 1548ರಲ್ಲಿ, ಆಫ್ರಿಕಾದ ಇಥಿಯೋಪಿಯಾ ದೇಶದಲ್ಲಿ. ಅಲ್ಲಿಯ ಹೆಸರು ಚಾಪು. ಬಡತನ ತಾಳಲಾರದೆ ಹೆತ್ತವರೇ ಮಾರಿದರು ಎಂದು ಕೆಲವರು ಬರೆದಿದ್ದಾರೆ, ಯುದ್ಧದಲ್ಲಿ ಸೆರೆ ಸಿಕ್ಕ ಎಂದು ಇನ್ನು ಕೆಲವರು. ಹೇಗಾದರೂ ಆಗಲಿ, ಹುಡುಗನನ್ನು ಕೆಂಪು ಸಮುದ್ರ ದಾಟಿಸಿ ಯೆಮನ್ ದೇಶದ ಮೋಖಾ ಬಂದರಿನಲ್ಲಿ ಮಾರಿದರು. ಬೆಲೆ 80 ಗಿಲ್ಡರ್ ಎಂದು ಆ ಕಾಲದ ಡಚ್ ವ್ಯಾಪಾರಿಯೊಬ್ಬ ಬರೆದಿಟ್ಟಿದ್ದಾನೆ. ಹುಡುಗ ಕೈಯಿಂದ ಕೈಗೆ ದಾಟುತ್ತ ಬಾಗ್ದಾದಿಗೆ ಬಂದ. ಅಲ್ಲಿ ಮೀರ್ ಕಾಸಿಂ ಎಂಬ ವ್ಯಾಪಾರಿ ಅವನಿಗೆ ಓದುಬರಹ, ಲೆಕ್ಕಪತ್ರ ಕಲಿಸಿ, ಇಸ್ಲಾಂ ಧರ್ಮಕ್ಕೆ ಸೇರಿಸಿ, ಅಂಬರ್ ಎಂದು ಹೆಸರಿಟ್ಟ. ಅಂಬರ್ ಅಂದರೆ ಸಮುದ್ರದಲ್ಲಿ ಸಿಗುವ ಬೆಲೆಬಾಳುವ ಸುಗಂಧದ ಸರಕು. ಮನುಷ್ಯನಿಗೆ ಸರಕಿನ ಹೆಸರು! ಆಗಿನ ಗುಲಾಮರಿಗೆ ಇಂಥ ಹೆಸರು ಇಡುವುದು ವಾಡಿಕೆಯಾಗಿತ್ತು. ಚಾಪು ಅಂತ ಕರೆಯುವವರು ಮತ್ತೆ ಅವನಿಗೆ ಸಿಕ್ಕರೋ ಇಲ್ಲವೋ.

ಹತ್ತಿ ಬೆಳೆಯುವವರು, ಹತ್ತಿ ಮಾರುವವರು ನಾವು. ಅದಕ್ಕೇ ಈ ವ್ಯಾಪಾರದ ಇನ್ನೊಂದು ಮಗ್ಗುಲು ನೋಡಬೇಕು. ಇಥಿಯೋಪಿಯಾದ ಅರಸರಿಗೆ, ಸಾವುಕಾರರಿಗೆ ಹಿಂದೂಸ್ಥಾನದ ಹತ್ತಿಬಟ್ಟೆ ಬೇಕಾಗಿತ್ತು. ಇಲ್ಲಿಂದ ಬಟ್ಟೆ ತುಂಬಿಕೊಂಡು ಹಡಗು ಹೋಗುವುದು, ಅಲ್ಲಿಂದ ಬಂಗಾರ, ಆನೆದಂತ, ಮನುಷ್ಯರು ಬರುವುದು. ಹಿಡಿದವನೊಬ್ಬ, ಬಂದರಿಗೆ ಮುಟ್ಟಿಸಿದವನೊಬ್ಬ, ಹಡಗಿಗೆ ಹತ್ತಿಸಿದವನೊಬ್ಬ, ಕೊನೆಗೆ ಕೊಂಡವನೊಬ್ಬ. ಒಬ್ಬೊಬ್ಬನಿಗೂ ಅವನವನ ಪಾಲು ಲಾಭ. ಪಾಪ ಯಾರದು ಅಂತ ಕೇಳಿದರೆ ಪ್ರತಿಯೊಬ್ಬನೂ ಹಿಂದಿನವನ ಕಡೆ ಬೆರಳು ತೋರಿಸಬಹುದಾಗಿತ್ತು.

ದಖ್ಖನಿನ ಸುಲ್ತಾನರಿಗೆ ಅಷ್ಟು ದೂರದ ಆಳು ಯಾಕೆ ಬೇಕಾಯಿತು? ಇಲ್ಲಿ ಆಳು ಇರಲಿಲ್ಲವೇ? ಇದ್ದರು. ಆದರೆ ಇಲ್ಲಿಯವನಿಗೆ ಅಣ್ಣತಮ್ಮ, ಬೀಗರು, ಊರು, ಕುಲ ಎಲ್ಲ ಇರುತ್ತೆ, ನಾಳೆ ತಿರುಗಿ ಬೀಳಬಹುದು. ಸಮುದ್ರ ದಾಟಿ ಬಂದ ಹುಡುಗನಿಗೆ ಧಣಿ ಬಿಟ್ಟರೆ ಗತಿಯಿಲ್ಲ. ಈ ಲೆಕ್ಕ ಈಗಲೂ ನಡೆದೇ ಇದೆ. ನಮ್ಮ ಆದವಾನಿ ಸೀಮೆಯಿಂದ ಮಳೆ ತಪ್ಪಿದ ವರ್ಷ ಮೆಣಸಿನಕಾಯಿ ಬಿಡಿಸೋದಕ್ಕೆ ಗುಂಟೂರಿಗೆ ಜನ ಗುಂಪುಗುಂಪಾಗಿ ಹೋಗ್ತಾರೆ. ಹೋದವರೆಲ್ಲ ಜೀತಗಾರರು ಅಂತ ನಾನು ಹೇಳಲ್ಲ, ನಾಕು ಕಾಸು ಉಳಿಸಿಕೊಂಡು ಬರೋರೇ ಬಹಳ. ಆದರೆ ಮುಂಗಡ ಕೊಟ್ಟು, ಭಾಷೆ ಬಾರದ ದೇಶಕ್ಕೆ ಕರೆದೊಯ್ದು, ಸಾಲ ತೀರೋತನಕ ಕದಲಬೇಡ ಅಂದರೆ ಅದು ಬೇರೆ ಮಾತು. ಕನ್ನಡದಲ್ಲಿ ಜೀತ ಅನ್ನಿ, ತೆಲುಗಿನಲ್ಲಿ ವೆಟ್ಟಿಚಾಕಿರಿ ಅನ್ನಿ, 1976ರ ಕಾಯ್ದೆ ಅದನ್ನು ರದ್ದುಮಾಡಿದೆ, ಆ ಸಾಲವನ್ನೂ ರದ್ದುಮಾಡಿದೆ. ಮನುಷ್ಯರನ್ನು ಮಾರುವುದನ್ನೂ ಬಿಟ್ಟಿ ದುಡಿಸುವುದನ್ನೂ ಸಂವಿಧಾನದ 23ನೇ ಕಲಮು ನಿಷೇಧಿಸಿದೆ. ಇದನ್ನು ಮೇಸ್ತ್ರಿಗಳಿಗೂ ಒಮ್ಮೆ ಓದಿ ಹೇಳೋದು ಒಳ್ಳೇದು.

ಅಂಬರನ ಕಥೆಗೆ ಬರೋಣ. 1570ರ ದಶಕದ ಆರಂಭದಲ್ಲಿ ಅವನನ್ನು ದಖ್ಖನಿಗೆ ತಂದು ಅಹಮದನಗರದ ನಿಜಾಮಶಾಹಿಯ ಪೇಶ್ವೆ ಚಂಗೀಜ್ ಖಾನನಿಗೆ ಮಾರಿದರು. ಕೊಂಡ ಈ ಧಣಿಯೂ ಒಂದು ಕಾಲಕ್ಕೆ ಮಾರಾಟವಾಗಿ ಬಂದ ಹಬಶಿಯೇ. ಅವನ ಹತ್ತಿರ ಸುಮಾರು ಸಾವಿರ ಹಬಶಿ ಗುಲಾಮರಿದ್ದರು. ನಾಲ್ಕೈದು ವರ್ಷದಲ್ಲೇ ಧಣಿ ತೀರಿಕೊಂಡ. ಅವನ ಹೆಂಡತಿ ಅಂಬರನನ್ನು ಬಿಡುಗಡೆ ಮಾಡಿದಳು.

ಬಿಡುಗಡೆಯೇನೋ ಆಯಿತು, ಹೋಗೋದೆಲ್ಲಿಗೆ? ಸುಮಾರು ಇಪ್ಪತ್ತು ವರ್ಷ ಕೂಲಿ ಸಿಪಾಯಿಯಾಗಿ ಅಲೆದ. ಬಿಜಾಪುರದ ಆದಿಲಶಾಹಿಯಲ್ಲಿ ಕೆಲಸ ಮಾಡಿದ, ಮಲಿಕ್ ಎಂಬ ಬಿರುದು ಅಲ್ಲಿಯದು. 1595ರ ಸುಮಾರಿಗೆ ತನ್ನದೇ 150 ಸವಾರರೊಂದಿಗೆ ಅಹಮದನಗರಕ್ಕೆ ಮರಳಿದ.

1600ರಲ್ಲಿ ಅಕ್ಬರನ ಸೈನ್ಯ ಅಹಮದನಗರದ ಕೋಟೆ ಹಿಡಿಯಿತು. ಚಾಂದಬೀಬಿ ಅದೇ ವರ್ಷ ಕೊಲೆಯಾದಳು. ನಿಜಾಮಶಾಹಿ ಮುಗಿಯಿತೆಂದು ಎಲ್ಲರೂ ತಿಳಿದರು. ಅಂಬರ್ ಮಾತ್ರ ಆ ಮನೆತನದ ಹುಡುಗನೊಬ್ಬನನ್ನು ಹುಡುಕಿ, ಈಗಿನ ಧಾರಾಶಿವ ಜಿಲ್ಲೆಯ ಪರಂಡಾ ಕೋಟೆಯಲ್ಲಿ ಎರಡನೇ ಮುರ್ತಜಾ ಎಂದು ಪಟ್ಟ ಕಟ್ಟಿ, ತನ್ನ ಮಗಳನ್ನೇ ಕೊಟ್ಟು ಮದುವೆ ಮಾಡಿದ. ಪಟ್ಟದಲ್ಲಿ ಅಳಿಯ, ಆಡಳಿತವೆಲ್ಲ ಮಾವನದು. ಮೊಗಲರ ದೊಡ್ಡ ಸೈನ್ಯದೆದುರು ಬಯಲಲ್ಲಿ ನಿಲ್ಲದೆ, ಮರಾಠಾ ಸವಾರರನ್ನು ಸೇರಿಸಿಕೊಂಡು ರಾತ್ರಿ ಬೀಳುವುದು, ದವಸ ತಡೆಯುವುದು, ಬೆಟ್ಟದ ಸಂದಿಗೆ ಮಾಯವಾಗುವುದು ಅವನ ಯುದ್ಧದ ರೀತಿ. ಶಿವಾಜಿಯ ತಂದೆ ಶಹಾಜಿ ಅವನ ಜತೆ ಕಾದಿದವನು. ಜಹಾಂಗೀರ್ ಬಾದಶಹನಿಗೆ ಇವನ ಮೇಲೆ ಎಷ್ಟು ಸಿಟ್ಟಿತ್ತೆಂದರೆ, ಅಂಬರನ ಕಡಿದ ತಲೆಗೆ ತಾನು ಬಾಣ ಬಿಡುವ ಹಾಗೆ ಚಿತ್ರ ಬರೆಸಿಕೊಂಡ. ತಲೆ ಚಿತ್ರದಲ್ಲೇ ಉಳಿಯಿತು.

ರೈತರಿಗೆ ಬೇಕಾದ ಮಾತು ಇಲ್ಲಿದೆ. ಹೆಚ್ಚು ಕೂಗಿದವನಿಗೆ ಹಳ್ಳಿಯ ಕಂದಾಯವನ್ನು ಹರಾಜು ಹಾಕುವ ಇಜಾರೆ ಪದ್ಧತಿಯನ್ನು ಅವನು ತೆಗೆದ. ಹೊಲದ ಸತ್ವ, ಬಂದ ಬೆಳೆ ನೋಡಿ ಕಂದಾಯ ಗೊತ್ತುಮಾಡಿಸಿದ. ಮೊದಲು ಬೆಳೆಯಲ್ಲಿ ಐದು ಪಾಲಿಗೆ ಎರಡು ಪಾಲು, ಆಮೇಲೆ ಅದನ್ನು ಹಣಕ್ಕೆ ತಿರುಗಿಸಿ ಸುಮಾರು ಮೂರರಲ್ಲೊಂದು ಪಾಲಿನ ಬೆಲೆ. ಇದೂ ಕಡಿಮೆಯಲ್ಲ ಬಿಡಿ. ಆದರೆ ಕೊಡೋದೆಷ್ಟು ಅಂತ ರೈತನಿಗೆ ಮೊದಲೇ ಗೊತ್ತಿತ್ತು. 1610ರ ಸುಮಾರಿಗೆ ಖಡ್ಕಿ ಎಂಬ ಊರು ಕಟ್ಟಿಸಿ, ನೆಲದೊಳಗಿನ ಕಾಲುವೆಗಳಿಂದ ನೀರು ತಂದ. ಮುಂದೆ ಔರಂಗಾಬಾದ್ ಆಗಿ, ಈಗ ಛತ್ರಪತಿ ಸಂಭಾಜಿನಗರ ಅನ್ನಿಸಿಕೊಂಡಿರುವ ಊರು ಅದೇ.

1624ರಲ್ಲಿ ಮೊಗಲರೂ ಬಿಜಾಪುರದವರೂ ಒಂದಾಗಿ ಬಂದಾಗ ಅಹಮದನಗರದ ಹತ್ತಿರದ ಭಾತವಡಿಯಲ್ಲಿ ಕೆರೆಯ ನೀರು ಹರಿಸಿ, ಅವರ ಬಿಡಾರಗಳನ್ನು ಕೆಸರು ಮಾಡಿ ಸೋಲಿಸಿದ. ಆ ಗೆಲುವಿನ ಮದದಲ್ಲಿ ಬಿಜಾಪುರಕ್ಕೆ ಮುತ್ತಿಗೆ ಹಾಕಿದ, ಪಕ್ಕದ ನವರಸಪುರವನ್ನು ಸುಲಿದ, ಸೋಲಾಪುರ ಗೆದ್ದ. ಎರಡನೇ ಇಬ್ರಾಹಿಂ ಆದಿಲಶಾಹ ಸಂಗೀತಕ್ಕೆಂದು ಆಸೆಪಟ್ಟು ಕಟ್ಟಿಸುತ್ತಿದ್ದ ಊರು ನವರಸಪುರ. ಕವಿತೆ ಬರೆಯುವ ನನಗೆ ಅಂಬರನ ಈ ಕೆಲಸ ಸರಿಕಾಣದು.

ಅದಕ್ಕಿಂತ ನೋಯಿಸುವ ಸಂಗತಿ ಇನ್ನೊಂದು. ಅವನ ಸೈನ್ಯದಲ್ಲಿ ಸುಮಾರು 10,000 ಹಬಶಿಗಳಿದ್ದರೆಂದು ಆಗಿನ ಇಂಗ್ಲಿಷ್ ಪ್ರವಾಸಿಯೊಬ್ಬ ಬರೆದಿದ್ದಾನೆ. ಅವರಲ್ಲಿ ಎಷ್ಟೋ ಜನ ಅವನ ಹಾಗೇ ಹಡಗಿನಲ್ಲಿ ಬಂದು ಮಾರಾಟವಾದವರು. ತನ್ನ ಬೆಲೆ 80 ಗಿಲ್ಡರ್ ಅಂತ ತಿಳಿದಿದ್ದವನು ತಾನೂ ಜನರನ್ನು ಕೊಂಡ. ರಾಜ್ಯವನ್ನೇ ಆಳಿದವನು ಆ ವ್ಯಾಪಾರಕ್ಕೆ ಕೈ ಹಚ್ಚಲಿಲ್ಲ. ಗುಲಾಮನೂ ರಾಜನಾಗಬಹುದಿತ್ತಲ್ಲ, ಅದು ಅಷ್ಟು ಕೆಟ್ಟ ಪದ್ಧತಿಯೇ ಅಂತ ವಾದ ಮಾಡುವವರಿದ್ದಾರೆ. ಆ ಹತ್ತು ಸಾವಿರದಲ್ಲಿ ಎಷ್ಟು ಹೆಸರು ಅವರಿಗೆ ಗೊತ್ತಿವೆ ಅಂತ ಕೇಳಬೇಕು.

ಒಂದೆರಡು ಹೆಸರೇನೋ ಸಿಗುತ್ತವೆ. ನಮ್ಮ ಆದವಾನಿಯ ಜಾಮಿಯಾ ಮಸೀದಿ ಕಟ್ಟಿಸಿದ ಸಿದ್ದಿ ಮಸೂದ್ ಖಾನ್ ಹಬಶಿಯೇ. ಬಿಜಾಪುರದ ಪರವಾಗಿ ಇಲ್ಲಿಯ ಕೋಟೆ ಹಿಡಿದಿದ್ದವನು 1688ರಲ್ಲಿ ಅದನ್ನು ಮೊಗಲರಿಗೆ ಒಪ್ಪಿಸಿದ. ಇನ್ನು ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಿನ ಸಿದ್ದಿಗಳು ಬೇರೆ ದಾರಿಯಿಂದ ಬಂದವರು. ಪೋರ್ಚುಗೀಸರು ಗೋವಾಕ್ಕೆ ತಂದ ಗುಲಾಮರಲ್ಲಿ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಮಕ್ಕಳು ಮೊಮ್ಮಕ್ಕಳು ಅವರಲ್ಲಿ ಬಹಳ. ಕರ್ನಾಟಕದ ಪರಿಶಿಷ್ಟ ಪಂಗಡದ ಪಟ್ಟಿಗೆ ಅವರು ಸೇರಿದ್ದು 2003ರಲ್ಲಿ.

ಮಲಿಕ್ ಅಂಬರ್ 1626ರಲ್ಲಿ, ಎಂಬತ್ತರ ಹತ್ತಿರದ ವಯಸ್ಸಿನಲ್ಲಿ ತೀರಿಕೊಂಡ. ಮಗ ಫತೇಖಾನ್ 1633ರಲ್ಲಿ ದೌಲತಾಬಾದ್ ಕೋಟೆಯನ್ನು ಮೊಗಲರಿಗೆ ಬಿಟ್ಟುಕೊಟ್ಟ. 1636ಕ್ಕೆ ನಿಜಾಮಶಾಹಿಯೇ ಮುಗಿಯಿತು. ಅಂಬರ್ ತಾನು ಬದುಕಿದ್ದಾಗಲೇ ಖುಲದಾಬಾದಿನಲ್ಲಿ ಕಟ್ಟಿಸಿಕೊಂಡಿದ್ದ ಗುಮ್ಮಟದಲ್ಲಿ ಅವನ ಗೋರಿಯಿದೆ.