ಉಸಿರು ಕಟ್ಟಿದ ಇಂಜಿನ್ನುಗಳೂ ಜೋರಾ ಸಾಹೇಬರೂ

ವಾಲ್ಯೂಮೆಟ್ರಿಕ್ ಎಫಿಷಿಯೆನ್ಸಿ ಅನ್ನೋದು ನಮಗೆಲ್ಲ ಎರಡು ಮಾರ್ಕಿನ ಪ್ರಶ್ನೆ. ಡೆಫಿನಿಷನ್ ಬರೀತೀವಿ, ಫಾರ್ಮುಲಾ ಬರೀತೀವಿ, ಮುಂದಿನ ಪ್ರಶ್ನೆಗೆ ಹೋಗ್ತೀವಿ. ಆ ಎರಡು ಮಾರ್ಕಿನ ವಿಷಯದ ಮೇಲೆ ಒಬ್ಬರು ಹೆಚ್ಚುಕಮ್ಮಿ ಇಡೀ ಆಯುಸ್ಸು ಕಳೆದಿದ್ದಾರೆ ಅಂತ ಗೊತ್ತಾದಾಗ ನಮಗೆ ಸ್ವಲ್ಪ ನಾಚಿಕೆ ಆಯ್ತು. ಅವರ ಹೆಸರು ಜೋರಾ ಆರ್ಕಸ್-ಡುಂಟೋವ್. ಕನ್ನಡದಲ್ಲಿ ಓದಿದ್ರೆ ಹೆಸರೇ ಅರ್ಧ ಕಥೆ ಹೇಳುತ್ತೆ.

ಹುಟ್ಟಿದ್ದು 1909ರ ಡಿಸೆಂಬರ್ 25ರಂದು, ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ. ಅಪ್ಪ ಅಮ್ಮ ಇಬ್ಬರೂ ರಷ್ಯಾದ ಯಹೂದಿಗಳು. ಅಪ್ಪ ಎಂಜಿನಿಯರ್, ಅಮ್ಮ ಮೆಡಿಕಲ್ ಓದ್ತಿದ್ದವರು. ಮನೆಯವರು ರಷ್ಯಾಗೆ ವಾಪಸ್ ಹೋದ್ರು, ಕ್ರಾಂತಿಯೂ ಆಯ್ತು, ಅಪ್ಪ ಅಮ್ಮ ಬೇರೆಯೂ ಆದ್ರು. ಅಮ್ಮ ಡುಂಟೋವ್ ಅನ್ನೋರನ್ನ ಮದುವೆಯಾದ್ರು. ಜೋರಾ ಮತ್ತು ತಮ್ಮ ಯೂರಾ ಎರಡೂ ಅಪ್ಪಂದಿರ ಹೆಸರನ್ನ ಒಂದು ಗೆರೆ ಹಾಕಿ ಜೋಡಿಸಿಕೊಂಡ್ರು. ಈ ಜೋಡಿ ಹೆಸರು ಮುಂದೆ ಕೆಲಸಕ್ಕೆ ಬರುತ್ತೆ, ನೆನಪಿಟ್ಟುಕೊಳ್ಳಿ.

1927ರಲ್ಲಿ ಕುಟುಂಬ ಬರ್ಲಿನ್‌ಗೆ ಬಂತು. ಅಲ್ಲಿ ಜೋರಾ ಹತ್ರ 350 ಸಿಸಿ ಬೈಕ್ ಇತ್ತು. ಬೀದಿಯಲ್ಲಿ, ರೇಸ್ ಟ್ರ್ಯಾಕಿನಲ್ಲಿ ಎಲ್ಲ ಕಡೆ ಓಡಿಸೋರು. ಮನೇಲಿ ಭಯ ಬಿದ್ದು, ಬೈಕ್ ಮಾರಿ ಕಾರು ತಗೋ ಅಂತ ಹಟ ಹಿಡಿದ್ರು. ಮಗ ಮಾತು ಕೇಳಿದ. ತಂದದ್ದು ಮಾತ್ರ ರೇಸ್ ಕಾರು, ಅದರ ಮುಂದಿನ ಚಕ್ರಗಳಿಗೆ ಬ್ರೇಕೇ ಇರಲಿಲ್ಲ! ನಮ್ಮ ಹಾಸ್ಟೆಲ್‌ನಲ್ಲಿ ಇಂಥ ಬುದ್ಧಿಯವರು ಕನಿಷ್ಠ ನಾಲ್ಕು ಜನ ಇದ್ದಾರೆ, ಹೆಸರು ಹೇಳೋದು ಬೇಡ.

1934ರಲ್ಲಿ ಶಾರ್ಲೋಟೆನ್‌ಬುರ್ಗ್‌ನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಓದು ಮುಗೀತು. ಅಷ್ಟೊತ್ತಿಗೆ ಜರ್ಮನಿಯಲ್ಲಿ ಹಿಟ್ಲರ್ ಬಂದಾಗಿತ್ತು. ಯುದ್ಧ ಶುರುವಾದಾಗ ಜೋರಾ ಫ್ರಾನ್ಸ್‌ನಲ್ಲಿದ್ರು, ಅಲ್ಲಿನ ವಾಯುಪಡೆ ಸೇರಿದ್ರು. 1940ರಲ್ಲಿ ಫ್ರಾನ್ಸ್ ಸೋತಾಗ ಅವರ ಹೆಂಡತಿ ಎಲ್ಫಿ, ಪ್ಯಾರಿಸ್‌ನಲ್ಲಿದ್ದ ನೃತ್ಯಗಾರ್ತಿ, ಹಿಂದೆ ಜರ್ಮನ್ ಸೈನ್ಯ ಬರ್ತಿರುವಾಗಲೇ ಒಂದು ಎಂಜಿ ಕಾರಿನಲ್ಲಿ ಬೋರ್ಡೋ ತನಕ ಓಡಿಸಿಕೊಂಡು ಹೋಗಿ ತಪ್ಪಿಸಿಕೊಂಡ್ರು. ಆಮೇಲೆ ಇಡೀ ಕುಟುಂಬ ಪೋರ್ಚುಗಲ್‌ನಿಂದ ಹಡಗು ಹತ್ತಿ ನ್ಯೂಯಾರ್ಕ್ ಸೇರಿತು. ಇದರ ಮೇಲೆ ಬೇರೇನೇ ಲೇಖನ ಬರೀಬಹುದು. ನಮಗೆ ಬೇಕಾದ ಇಂಜಿನ್ ಮಾತ್ರ ಹಡಗಿನ ಆ ಕಡೆ ಇದೆ.

ಅಮೆರಿಕದಲ್ಲಿ ಅಣ್ಣ ತಮ್ಮ ಸೇರಿ ಒಂದು ಮೆಷಿನ್ ಶಾಪ್ ಶುರು ಮಾಡಿದ್ರು. ಆರ್ಕಸ್‌ನಿಂದ ಮೊದಲ ಅಕ್ಷರಗಳು, ಡುಂಟೋವ್‌ನಿಂದ ಮೊದಲ ಅಕ್ಷರಗಳು, ಸೇರಿಸಿದ್ರೆ ಆರ್ಡನ್. ಯುದ್ಧ ಮುಗಿದ ಮೇಲೆ ಈ ಆರ್ಡನ್ ಕಂಪನಿ ಒಂದು ಹಳೇ ಇಂಜಿನ್ನಿಗೆ ಕೈ ಹಾಕಿತು.

ಆ ಇಂಜಿನ್ ಫೋರ್ಡ್ ವಿ8. 1932ರಲ್ಲಿ ಬಂದದ್ದು, ಆಗ 3.6 ಲೀಟರ್, 65 ಹಾರ್ಸ್‌ಪವರ್. ಯುದ್ಧದ ನಂತರ 3.9 ಲೀಟರ್, 100 ಹಾರ್ಸ್‌ಪವರ್ ಆಗಿತ್ತು. ಅಗ್ಗದ ಕಾರಲ್ಲಿ ಎಂಟು ಸಿಲಿಂಡರ್ ಸಿಕ್ತಿತ್ತು ಅಂತ ಅಮೆರಿಕದ ಹುಡುಗರಿಗೆಲ್ಲ ಅದೇ ಪ್ರಾಣ. ಆದ್ರೆ ಅದು ಫ್ಲಾಟ್‌ಹೆಡ್. ಅಂದ್ರೆ ವಾಲ್ವ್‌ಗಳು ಸಿಲಿಂಡರ್ ಮೇಲೆ ಇರೋದಿಲ್ಲ, ಪಕ್ಕದಲ್ಲಿ ಬ್ಲಾಕಿನ ಒಳಗೇ ತಲೆ ಮೇಲೆ ಮಾಡಿ ನಿಂತಿರ್ತಾವೆ. ಗಾಳಿ ಪೆಟ್ರೋಲು ಮಿಶ್ರಣ ಕೆಳಗಿಂದ ಮೇಲೆ ಬಂದು, ಅಡ್ಡ ತಿರುಗಿ, ಸಿಲಿಂಡರ್ ಒಳಗೆ ಇಳೀಬೇಕು. ಹೊಗೆಯ ಪಾಡು ಇನ್ನೂ ಕಷ್ಟ. ಅದು ಬ್ಲಾಕಿನ ಮಧ್ಯದಿಂದ ಹೊರಟು, ಸಿಲಿಂಡರ್‌ಗಳ ನಡುವೆ ತೂರಿ, ಹೊರಗಿನ ಬದಿಗೆ ಬರಬೇಕು. ಜೊತೆಗೆ ಪ್ರತಿ ಬದಿಯಲ್ಲಿ ಮಧ್ಯದ ಎರಡು ಸಿಲಿಂಡರ್‌ಗಳಿಗೆ ಒಂದೇ ಹೊರದಾರಿ. ಹೀಗೆ ಬಿಸಿ ಹೊಗೆ ಬ್ಲಾಕಿನೊಳಗೆಲ್ಲ ಮೆರವಣಿಗೆ ಹೋದ್ರೆ ರೇಡಿಯೇಟರ್ ನೀರು ಕುದಿಯದೆ ಇನ್ನೇನಾಗುತ್ತೆ? ಭಾರ ಹೊರುವ ಟ್ರಕ್ಕುಗಳಲ್ಲಿ ಇದು ದೊಡ್ಡ ತಲೆನೋವು.

ಜೋರಾ ಮಾಡಿದ್ದು ಇಷ್ಟು: ಕೆಳಗಿನ ಬ್ಲಾಕ್, ಕ್ರ್ಯಾಂಕ್, ಕ್ಯಾಮ್‌ಶಾಫ್ಟ್ ಇರುವ ಜಾಗ, ಯಾವುದನ್ನೂ ಬದಲಾಯಿಸಲಿಲ್ಲ. ಮೇಲಿನ ಚಪ್ಪಟೆ ಮುಚ್ಚಳ ತೆಗೆದು ಹೊಸ ಅಲ್ಯೂಮಿನಿಯಂ ಹೆಡ್ ಕೂರಿಸಿದ್ರು. ಅದರೊಳಗೆ ಅರ್ಧಗೋಳದ ಆಕಾರದ ಕಂಬಸ್ಟನ್ ಚೇಂಬರ್, ಎರಡು ಕಡೆಗೂ ವಾಲಿಕೊಂಡ ದೊಡ್ಡ ವಾಲ್ವ್‌ಗಳು. ಹಳೇ ಕ್ಯಾಮ್ ಕೆಳಗಿಂದಲೇ ಪುಶ್‌ರಾಡ್ ಮೂಲಕ ಅವನ್ನ ತೆರೆಯುತ್ತೆ. ಗಾಳಿ ಒಂದು ಕಡೆಯಿಂದ ನೇರ ಒಳಗೆ, ಹೊಗೆ ಇನ್ನೊಂದು ಕಡೆಯಿಂದ ನೇರ ಹೊರಗೆ. 100 ಇದ್ದ ಹಾರ್ಸ್‌ಪವರ್ 160ರ ಮೇಲೆ ಹೋಯ್ತು. ಅದೇ ಲೀಟರ್, ಅದೇ ಬ್ಲಾಕ್! ಶುರು ಮಾಡಿದ್ದು ಟ್ರಕ್ಕಿನ ಜ್ವರ ಇಳಿಸೋಕೆ, ಹುಚ್ಚು ಹಿಡಿದದ್ದು ರೇಸಿನವರಿಗೆ.

ವ್ಯಾಪಾರ ಮಾತ್ರ ನಡೀಲಿಲ್ಲ. ಕೆಲವೇ ನೂರು ಸೆಟ್ ತಯಾರಾಗಿ ಕಂಪನಿ ಮುಚ್ಚಿತು. ಇವತ್ತು ಒಂದು ಹಳೇ ಆರ್ಡನ್ ಹೆಡ್ ಸಿಕ್ಕಿದ್ರೆ ಜನ ದೇವರ ಥರ ಇಟ್ಕೋತಾರೆ. ಆಗ ಜೋರಾಗೆ ಉಳಿದದ್ದು ನಿರುದ್ಯೋಗ. ಕೆಲ ಕಾಲ ಇಂಗ್ಲೆಂಡಿಗೆ ಹೋಗಿ ಅಲಾರ್ಡ್ ಕಂಪನಿಯಲ್ಲಿ ಕೆಲಸ ಮಾಡಿದ್ರು, ಅವರ ಕಾರಲ್ಲೇ ಲೆ ಮಾನ್ಸ್ ರೇಸ್ ಓಡಿಸಿದ್ರು.

1953ರ ಜನವರಿ. ನ್ಯೂಯಾರ್ಕಿನ ವಾಲ್ಡಾರ್ಫ್ ಹೋಟೆಲಿನಲ್ಲಿ ಜನರಲ್ ಮೋಟಾರ್ಸ್‌ನ ಪ್ರದರ್ಶನ. ಅಲ್ಲಿ ಮೊದಲ ಕಾರ್ವೆಟ್ ನಿಂತಿತ್ತು. ಜೋರಾ ನೋಡಿ ಮರುಳಾದ್ರು. ಬಾನೆಟ್ ಒಳಗೇನಿದೆ ಅಂತ ತಿಳಿದ ಮೇಲೆ ಅಷ್ಟೇ ಬೇಜಾರಾದ್ರು. ಅಷ್ಟು ಚೆಂದದ ಮೈಯೊಳಗೆ ಮನೆಮಂದಿ ಕಾರಿನ ಹಳೇ ಆರು ಸಿಲಿಂಡರ್ ಇಂಜಿನ್. ಮಾಮೂಲಿ ಕಾರಲ್ಲಿ 115 ಹಾರ್ಸ್‌ಪವರ್ ಕೊಡ್ತಿದ್ದದ್ದಕ್ಕೆ ಮೂರು ಕಾರ್ಬ್ಯುರೇಟರ್, ಬೇರೆ ಕ್ಯಾಮ್, ಎರಡು ಸೈಲೆನ್ಸರ್ ಹಾಕಿ 150ಕ್ಕೆ ಎಳೆದಿದ್ರು. ಗೇರ್‌ಬಾಕ್ಸ್ ಎರಡೇ ಗೇರಿನ ಆಟೋಮ್ಯಾಟಿಕ್. ಸ್ಪೋರ್ಟ್ಸ್ ಕಾರಿಗೆ! ಜೋರಾ ಕಂಪನಿಗೆ ಪತ್ರ ಬರೆದ್ರು, ಮೇ ತಿಂಗಳಲ್ಲಿ ಶೆವರ್ಲೆಯಲ್ಲಿ ಕೆಲಸವೂ ಸಿಕ್ತು. ಆಗ ವಯಸ್ಸು 43. ನಮಗೆ ಪ್ಲೇಸ್‌ಮೆಂಟ್ ಟೆನ್ಶನ್ ಈಗಲೇ ಶುರುವಾಗಿದೆ, ಅದಕ್ಕೇ ಈ ಅಂಕಿ ಹೇಳಿದ್ವಿ.

ಕಾರ್ವೆಟ್ಟಿನ ತಂದೆ ಅಂತ ಇವರನ್ನ ಕರೆಯೋದುಂಟು. ಲೆಕ್ಕಕ್ಕೆ ಅದು ಸರಿಯಲ್ಲ. ಕಾರನ್ನ ಕನಸು ಕಂಡದ್ದು ಡಿಸೈನ್ ಮುಖ್ಯಸ್ಥ ಹಾರ್ಲಿ ಅರ್ಲ್, ಹೊಸ ವಿ8 ಇಂಜಿನ್ ತಂದದ್ದು ಎಡ್ ಕೋಲ್ ಮತ್ತು ತಂಡ. ಜೋರಾ ಮಾಡಿದ್ದು ಸಾಯ್ತಿದ್ದ ಮಗುವನ್ನ ಸಾಕಿದ್ದು.

ಸಾಯ್ತಿತ್ತು ಅನ್ನೋದು ಉತ್ಪ್ರೇಕ್ಷೆ ಅಲ್ಲ. 1954ರಲ್ಲಿ 3,640 ಕಾರು ಮಾಡಿದ್ರು, ಅದರಲ್ಲಿ ಎಷ್ಟೋ ಮಾರಾಟ ಆಗದೆ ನಿಂತ್ವು. 1955ರಲ್ಲಿ ಮಾಡಿದ್ದೇ 700. ಅದೇ ವರ್ಷ ಫೋರ್ಡ್‌ನ ಥಂಡರ್‌ಬರ್ಡ್ 16,000ಕ್ಕೂ ಹೆಚ್ಚು ಹೋಯ್ತು. ಕಾರ್ವೆಟ್ ನಿಲ್ಲಿಸಿಬಿಡೋಣ ಅನ್ನೋ ಮಾತು ಕಂಪನಿಯೊಳಗೆ ನಡೀತಿದ್ದಾಗ, ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗದ, ಇಂಗ್ಲಿಷನ್ನ ರಷ್ಯನ್ ಧಾಟಿಯಲ್ಲಿ ಮಾತಾಡೋ ಈ ಮನುಷ್ಯ ಮೇಲಿನವರಿಗೆ ಟಿಪ್ಪಣಿ ಬರೆದ್ರು. ಈಗ ಬಿಟ್ಟರೆ ಸೋಲು ಒಪ್ಪಿಕೊಂಡ ಹಾಗೆ, ಫೋರ್ಡ್ ಅದನ್ನ ಚೆನ್ನಾಗಿ ಬಳಸಿಕೊಳ್ಳುತ್ತೆ ಅನ್ನೋದು ಅದರ ಸಾರ.

ಅದಕ್ಕೂ ಮುಂಚೆ, 1953ರ ಡಿಸೆಂಬರ್‌ನಲ್ಲೇ, ಇನ್ನೊಂದು ಟಿಪ್ಪಣಿ ಬರೆದಿದ್ರು. ನಮಗೆ ಅದೇ ಹೆಚ್ಚು ಇಷ್ಟ. ವಿಷಯ: ಹಳೇ ಕಾರು ಬಿಚ್ಚಿ ಸ್ಪೀಡು ಹೆಚ್ಚಿಸಿಕೊಳ್ಳೋ ಹುಡುಗರು. ಈ ಹುಡುಗರು ಓದೋ ಪತ್ರಿಕೆಗಳ ತುಂಬ ಫೋರ್ಡ್, ಅವರ ಗ್ಯಾರೇಜಿನ ತುಂಬ ಫೋರ್ಡ್ ಪಾರ್ಟು. ದೊಡ್ಡವರಾದ ಮೇಲೂ ಅವರು ಕೊಳ್ಳೋದು ಫೋರ್ಡೇ. ನಮ್ಮ ಹೊಸ ವಿ8 ಎಷ್ಟೇ ಚೆನ್ನಾಗಿದ್ರೂ ಅದನ್ನ ಹಿಗ್ಗಿಸೋಕೆ ಬೇಕಾದ ಕ್ಯಾಮ್, ವಾಲ್ವ್, ಮ್ಯಾನಿಫೋಲ್ಡ್ ಎಲ್ಲ ಕಂಪನಿಯೇ ಲೆಕ್ಕ ಹಾಕಿ ತಯಾರಿಸಿ ಕೌಂಟರಿನಲ್ಲಿ ಮಾರಬೇಕು ಅನ್ನೋ ವಾದ. ಇಂಜಿನ್ ಬಿಚ್ಚೋ ಹುಡುಗರನ್ನ ಪೋಲಿಗಳು ಅಂದುಕೊಳ್ಳದೆ ಗಿರಾಕಿಗಳು ಅಂತ ನೋಡಿದ್ದು ದೊಡ್ಡ ವಿಷಯ. ತಾನೂ ಅವರಲ್ಲೊಬ್ಬ ಅಂತ ಗೊತ್ತಿದ್ದವರಿಗೇ ಅದು ಹೊಳೆಯೋದು.

ಮಾತಿಗೆ ತಕ್ಕ ಹಾಗೆ ಒಂದು ಪಾರ್ಟ್ ಬಂತು. ಅದೇ ಡುಂಟೋವ್ ಕ್ಯಾಮ್. ಇಲ್ಲಿ ಸ್ವಲ್ಪ ನಿಧಾನ ಮಾಡ್ತೀವಿ. ಪವರ್ ಅಂದ್ರೆ ಟಾರ್ಕ್ ಗುಣಿಸು ಆರ್‌ಪಿಎಂ. ಇಂಜಿನ್ ಜೋರಾಗಿ ತಿರುಗಿದಷ್ಟೂ ಪವರ್ ಬರಬೇಕು, ಆದ್ರೆ ಒಂದು ಹಂತ ದಾಟಿದ ಮೇಲೆ ಸಿಲಿಂಡರ್ ತುಂಬೋಕೆ ಸಮಯವೇ ಸಾಲದೆ ಟಾರ್ಕ್ ಬಿದ್ದುಹೋಗುತ್ತೆ. 6,000 ಆರ್‌ಪಿಎಂನಲ್ಲಿ ಪ್ರತಿ ವಾಲ್ವ್ ಸೆಕೆಂಡಿಗೆ 50 ಸಲ ತೆರೆದು ಮುಚ್ಚಬೇಕು. ಹೆಚ್ಚು ಗಾಳಿ ಬೇಕು ಅಂದ್ರೆ ವಾಲ್ವನ್ನ ಇನ್ನೂ ಎತ್ತರ ಎತ್ತೋಣ ಅಂತ ಯಾರಿಗಾದ್ರೂ ಅನ್ಸುತ್ತೆ. ಜೋರಾ ಎತ್ತರವನ್ನ ಸ್ವಲ್ಪ ಕಡಿಮೆಯೇ ಮಾಡಿದ್ರು, ತೆರೆದಿರುವ ಅವಧಿಯನ್ನ ಉದ್ದ ಮಾಡಿದ್ರು. ಬಾಗಿಲು ಪೂರ್ತಿ ತೆಗೀಬೇಕಿಲ್ಲ, ಹೆಚ್ಚು ಹೊತ್ತು ತೆಗೆದಿಟ್ಟರೆ ಸಾಕು ಅನ್ನೋ ಲೆಕ್ಕ. ಎತ್ತರ ಕಡಿಮೆ ಆದ್ದರಿಂದ ವಾಲ್ವಿನ ಮೇಲಿನ ಎಳೆತವೂ ಕಡಿಮೆ, ಸ್ಪ್ರಿಂಗ್ ಸೋತು ವಾಲ್ವ್ ತೇಲಾಡೋ ಅಪಾಯವೂ ದೂರ. ಬೆಲೆ ಏನಂದ್ರೆ, ಇನ್‌ಟೇಕ್ ಮತ್ತು ಎಕ್ಸಾಸ್ಟ್ ಎರಡೂ ಒಟ್ಟಿಗೆ ತೆರೆದಿರೋ ಹೊತ್ತು ಹೆಚ್ಚಾಗಿ, ಸಿಗ್ನಲ್ಲಿನಲ್ಲಿ ನಿಂತಾಗ ಇಂಜಿನ್ ಕುಂಟುತ್ತಾ ಗುರ್ ಅನ್ನುತ್ತೆ. ಆ ಗುರ್ ಸದ್ದಿಗೇ ಜನ ದುಡ್ಡು ಕೊಟ್ಟರು ಅನ್ನೋದು ನಮ್ಮ ಗುಮಾನಿ.

ಕ್ಯಾಮ್ ಮಾಡಿ ಕೂತುಬಿಡೋ ಜಾತಿ ಅಲ್ಲ ಇವರು. 1955ರ ಸೆಪ್ಟೆಂಬರ್‌ನಲ್ಲಿ ವೇಷ ಮರೆಸಿದ 1956ರ ಶೆವರ್ಲೆ ಸೆಡಾನಿನಲ್ಲಿ ಪೈಕ್ಸ್ ಪೀಕ್ ಬೆಟ್ಟದ ಮಣ್ಣು ರಸ್ತೆಯನ್ನ 17 ನಿಮಿಷ 24 ಸೆಕೆಂಡಿನಲ್ಲಿ ಹತ್ತಿ ಸೆಡಾನ್ ದಾಖಲೆ ಮಾಡಿದ್ರು. 1956ರ ಜನವರಿಯಲ್ಲಿ ಡೇಟೋನಾ ಕಡಲತೀರದ ಮರಳಿನ ಮೇಲೆ, ತಮ್ಮದೇ ಕ್ಯಾಮ್ ಹಾಕಿದ ಕಾರ್ವೆಟ್ಟಿನಲ್ಲಿ ಗಂಟೆಗೆ 150 ಮೈಲಿ, ಅಂದ್ರೆ 240 ಕಿಲೋಮೀಟರ್ ದಾಟಿದ್ರು. ವಯಸ್ಸು 46. ಮೂರು ವರ್ಷದ ಹಿಂದೆ ನಗೆಪಾಟಲಾಗಿದ್ದ ಕಾರು ಅದು.

ಅದೇ ವರ್ಷ ಟೆಸ್ಟ್ ಟ್ರ್ಯಾಕಿನಲ್ಲಿ ಅಪಘಾತವಾಗಿ ಬೆನ್ನುಮೂಳೆ ಮುರೀತು. ಮೈಗೆ ಪ್ಲಾಸ್ಟರ್ ಹಾಕಿಕೊಂಡೇ ಕೆಲಸಕ್ಕೆ ಬಂದ್ರು. ಆಗ ಕೈಲಿದ್ದದ್ದು ಫ್ಯುಯೆಲ್ ಇಂಜೆಕ್ಷನ್, ಜಾನ್ ಡೋಲ್ಜಾ ಅನ್ನೋ ಎಂಜಿನಿಯರ್ ಜೊತೆ. ಒಂದೇ ಒಂದು ಸೆನ್ಸರ್ ಇಲ್ಲ, ಇಸಿಯು ಇಲ್ಲ. ಒಳಗೆ ಹೋಗೋ ಗಾಳಿಯ ಹರಿವನ್ನ ವೆಂಚುರಿಯಿಂದ ಅಳೆದು ಅದಕ್ಕೆ ತಕ್ಕಷ್ಟು ಪೆಟ್ರೋಲು ಕೊಡೋ ಪೂರ್ತಿ ಮೆಕ್ಯಾನಿಕಲ್ ಯಂತ್ರ. ನಮ್ಮ ಫ್ಲೂಯಿಡ್ಸ್ ಲ್ಯಾಬಿನ ವೆಂಚುರಿಮೀಟರ್ ಹೀಗೂ ಬದುಕಬಹುದು ಅಂತ ನಾವು ಯೋಚಿಸಿಯೇ ಇರಲಿಲ್ಲ. 1957ರ ಕಾರ್ವೆಟ್ಟಿನಲ್ಲಿ ಈ ಇಂಜೆಕ್ಷನ್ನೂ ಡುಂಟೋವ್ ಕ್ಯಾಮೂ ಸೇರಿ 283 ಕ್ಯೂಬಿಕ್ ಇಂಚಿನ ಇಂಜಿನ್ನಿಂದ 283 ಹಾರ್ಸ್‌ಪವರ್ ತೆಗೆದ್ವು. ಇಂಚಿಗೊಂದು ಕುದುರೆ! ಶೆವರ್ಲೆ ಇದನ್ನ ಎಲ್ಲ ಕಡೆ ಸಾರಿತು. ನ್ಯಾಯವಾಗಿ ಹೇಳಬೇಕಂದ್ರೆ ಹಿಂದಿನ ವರ್ಷವೇ ಕ್ರೈಸ್ಲರ್ 354 ಇಂಚಿಗೆ 355 ಕೊಟ್ಟಿತ್ತು. ಜಾಹೀರಾತಿನವರಿಗೆ ಅದು ಕಾಣಿಸಲಿಲ್ಲ ಅನ್ಸುತ್ತೆ.

ಇಲ್ಲಿಂದ ಮುಂದಿನದು ಅಷ್ಟು ಸಿಹಿಯಾಗಿಲ್ಲ. 1957ರ ಜೂನ್‌ನಲ್ಲಿ ಅಮೆರಿಕದ ಕಾರು ಕಂಪನಿಗಳೆಲ್ಲ ಸೇರಿ ರೇಸಿನಿಂದ ದೂರ ಇರ್ತೀವಿ ಅಂತ ಒಪ್ಪಿಕೊಂಡ್ವು. ಜೋರಾ ಸುಮ್ಮನಿರಲಿಲ್ಲ. 1963ಕ್ಕೆ 125 ಹಗುರ ಕಾರ್ವೆಟ್ ಮಾಡೋ ಯೋಜನೆ ಹಾಕಿದ್ರು, ಐದಾಗುವಷ್ಟರಲ್ಲಿ ಮೇಲಿಂದ ಆದೇಶ ಬಂದು ನಿಂತಿತು. ಆ ಐದನ್ನ ಬೇರೆಯವರ ಕೈಗೆ ದಾಟಿಸಿದ್ರು, ನಾಸೌ ದ್ವೀಪದ ರೇಸಿನಲ್ಲಿ ಅವು ಎಲ್ಲರ ಬಾಯಿ ಮುಚ್ಚಿಸಿದ್ವು. ಕಾರ್ವೆಟ್ಟಿಗೆ ಹಿಂದಿನ ಚಕ್ರಗಳ ಸ್ವತಂತ್ರ ಸಸ್ಪೆನ್ಶನ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಬಂದದ್ದು ಇವರ ಕಾಲದಲ್ಲೇ.

ಒಂದು ಆಸೆ ಮಾತ್ರ ಈಡೇರಲಿಲ್ಲ. ಪವರ್ ಹೆಚ್ಚಿದ ಹಾಗೆ ಹಿಂದಿನ ಟೈರು ಸುಮ್ಮನೆ ತಿರುಗುತ್ತೆ, ನೆಲ ಹಿಡಿಯೋಕೆ ಅದರ ಮೇಲೆ ಭಾರ ಬೇಕು. ಅದಕ್ಕೆ ಇಂಜಿನ್ನನ್ನ ಡ್ರೈವರ್ ಹಿಂದೆ ಇಡಬೇಕು ಅಂತ ಜೋರಾ ವಾದ. 1960ರಿಂದಲೇ ಅಂಥ ಪ್ರಯೋಗದ ಕಾರುಗಳನ್ನ ಕಟ್ಟಿ ತೋರಿಸ್ತಾ ಬಂದ್ರು. ಮುಂದೆ ಇಂಜಿನ್ ಇರೋ ಕಾರೇ ಚೆನ್ನಾಗಿ ಮಾರಾಟ ಆಗ್ತಿರುವಾಗ ಯಾಕೆ ಖರ್ಚು ಅಂತ ಕಂಪನಿ ಪ್ರತಿ ಸಲ ಮುಂದೂಡಿತು. ಸಾಯ್ತಿದ್ದ ಕಾರನ್ನ ಇವರೇ ಗೆಲ್ಲಿಸಿದ್ದು, ಅದರ ಗೆಲುವೇ ಇವರ ಕನಸಿಗೆ ಅಡ್ಡ ನಿಂತಿತು. ನಮಗೆ ಇದು ಓದುವಾಗ ಸ್ವಲ್ಪ ಹೊಟ್ಟೆ ಉರೀತು. 1975ರಲ್ಲಿ 65 ವರ್ಷಕ್ಕೆ ನಿವೃತ್ತಿ ಆಯ್ತು, ಕಾರಿನ ಇಂಜಿನ್ ಮುಂದೆಯೇ ಇತ್ತು.

ಆಮೇಲೂ ಕಾರ್ವೆಟ್ ಸಹವಾಸ ಬಿಡಲಿಲ್ಲ. ಕೆಂಟಕಿಯ ಬೌಲಿಂಗ್ ಗ್ರೀನ್‌ನಲ್ಲಿ ಕಾರ್ವೆಟ್ ಮ್ಯೂಸಿಯಂಗೆ ಭೂಮಿಪೂಜೆ ಆದಾಗ ಬುಲ್ಡೋಜರ್ ಓಡಿಸಿದ್ದು ಎಂಬತ್ತು ದಾಟಿದ ಜೋರಾನೇ. 1996ರ ಏಪ್ರಿಲ್ 21ರಂದು ತೀರಿಕೊಂಡ್ರು. ಚಿತಾಭಸ್ಮ ಆ ಮ್ಯೂಸಿಯಂನಲ್ಲೇ ಇದೆ.

2020ರ ಮಾಡೆಲ್ ಕಾರ್ವೆಟ್ಟಿನಲ್ಲಿ ಇಂಜಿನ್ ಕೊನೆಗೂ ಡ್ರೈವರ್ ಹಿಂದೆ ಹೋಯ್ತು. 6.2 ಲೀಟರ್, 490 ಹಾರ್ಸ್‌ಪವರ್, ಲೆಕ್ಕ ಹಾಕಿದ್ರೆ ಇಂಚಿಗೆ ಸುಮಾರು 1.3 ಕುದುರೆ. ಕ್ಯಾಮ್ ಇನ್ನೂ ಬ್ಲಾಕಿನೊಳಗೇ ಇದೆ, ವಾಲ್ವ್‌ಗಳು ಮೇಲೆ, ನಡುವೆ ಪುಶ್‌ರಾಡ್. ಆರ್ಡನ್ ಹೆಡ್ಡಿನಲ್ಲಿ ಇದ್ದ ಹಾಗೇ.